ಮುಂಜಾನೆ ಐದರ ಸದ್ದು: ಮಾತಿಗೆ ಮೊದಲು ಸದ್ದಿನ ದಾರಿ ಹಿಡಿಯಿರಿ

ಪಕ್ಕದ ಮನೆಯ ಸದ್ದಿಗೆ ಎಚ್ಚರವಾದ ದಿನವೇ ಹೋಗಿ ಮಾತಾಡಬೇಡಿ. ಆಗ ನಿಮಗೆ ಗೊತ್ತಿರುವುದು ನಿದ್ದೆ ಕೆಟ್ಟಿತು ಅನ್ನುವುದಷ್ಟೇ. ಸದ್ದು ಯಾವ ಯಂತ್ರದ್ದು, ಗಾಳಿಯಲ್ಲಿ ಬರುತ್ತಿದೆಯೋ ಗೋಡೆಯಲ್ಲಿ ಬರುತ್ತಿದೆಯೋ, ಅವರು ಅದೇ ಹೊತ್ತಿಗೆ ಯಾಕೆ ಹಾಕುತ್ತಾರೆ ಎಂಬುದು ತಿಳಿಯದೆ ಹೋದರೆ ಮಾತು "ನಿಮ್ಮನೆ ಗಲಾಟೆ" ಅನ್ನುವಲ್ಲೇ ನಿಂತು, ಎರಡು ಮನೆಯವರು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡುವಂತಾಗುತ್ತದೆ. ಹತ್ತು ದಿನ ಕಾದು, ಸದ್ದಿನ ದಾರಿ ಕಂಡುಕೊಂಡು, ಇಂಥದ್ದನ್ನು ಹೀಗೆ ಸರಿಮಾಡಬಹುದು ಎಂದು ಹೇಳಲು ಸಿದ್ಧವಾಗಿ ಹೋಗಿ.

ಮಲೆನಾಡಿನ ಬೆಳಗಿನ ಜಾವದಲ್ಲಿ ಸದ್ದು ಹತ್ತಿರದಲ್ಲೇ ಇದ್ದಂತೆ ಕೇಳುವುದು ಬರೀ ಭ್ರಮೆಯಲ್ಲ. ಚಳಿಗಾಲದಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಪದರ ಕೂತಿರುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗೆ ಬರುತ್ತದೆ. ಮಂಜು ಕವಿದ ಕಣಿವೆಯಲ್ಲಿ ಆಚೆ ದಿಬ್ಬದ ಮನೆಯ ಮೋಟಾರು ಅಂಗಳದಲ್ಲೇ ಓಡಿದಂತೆ ಅನಿಸುವುದು ಇದರಿಂದ. ಜೊತೆಗೆ ರಸ್ತೆಯ ಗದ್ದಲ ಇನ್ನೂ ಶುರುವಾಗಿರುವುದಿಲ್ಲ, ಮುಚ್ಚಿಡಲು ಬೇರೆ ಸದ್ದಿಲ್ಲ. ಹಾಗಾಗಿ ಪಕ್ಕದವರು "ಹಗಲೂ ಇದೇ ಮೋಟಾರು ಹಾಕ್ತೀವಿ, ಆಗ ಏನೂ ಅನ್ನಲ್ವಲ್ಲ" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ, ನಿಮ್ಮ ಅನುಭವವೂ ಸುಳ್ಳಲ್ಲ.

ಹತ್ತು ದಿನದ ಲೆಕ್ಕ

ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ. ಸದ್ದು ಶುರುವಾದ ಗಳಿಗೆ, ನಿಂತ ಗಳಿಗೆ, ಸದ್ದಿನ ಬಗೆ. ಇನ್ನೆರಡು ಸಂಗತಿಗಳನ್ನು ತಪ್ಪದೆ ಸೇರಿಸಿ: ಅವತ್ತು ನಲ್ಲಿ ನೀರು ಬಂದಿತ್ತೇ, ಕರೆಂಟ್ ಯಾವಾಗ ಬಂತು. ಹೆಚ್ಚಿನ ಗುಟ್ಟು ಈ ಎರಡರಲ್ಲೇ ಸಿಗುತ್ತದೆ. ದಿನ ಬಿಟ್ಟು ದಿನ ಸದ್ದಾಗುತ್ತಿದ್ದರೆ ಅದು ನಲ್ಲಿ ನೀರಿನ ದಿನಗಳಿಗೆ ಹೊಂದುತ್ತದೆಯೇ ನೋಡಿ. ಈ ವಾರ ನಾಲ್ಕಕ್ಕೆ, ಮುಂದಿನ ವಾರ ಮಧ್ಯಾಹ್ನ ಅಂತಿದ್ದರೆ ಅದು ತೋಟದ ಪಂಪ್‌ಸೆಟ್ಟು. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಅದು ಓಡುತ್ತದೆ. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಮಾತ್ರ ಕೇಳುವ ಗಂಟೆ, ಭಜನೆ ಧನುರ್ಮಾಸದ್ದು. ಅಯ್ಯಪ್ಪ ಮಾಲೆ ಹಾಕಿದವರ ಮುಂಜಾನೆಯ ಸ್ನಾನ, ಶರಣು ಕೂಗುವುದೂ ಸಂಕ್ರಾಂತಿಗೆ ಮುಗಿಯುತ್ತದೆ. ತಾನಾಗಿ ಮುಗಿಯುವ ಸದ್ದಿಗೆ ಮಾತಿನ ಜಗಳ ಬೇಡ; ಆ ಒಂದು ತಿಂಗಳಿಗೆ ಇಯರ್‌ಪ್ಲಗ್ ಸಾಕು.

ಈಗ ದಾರಿ ಹುಡುಕಬೇಕು. ಸದ್ದು ನಡೆಯುತ್ತಿರುವಾಗಲೇ ಎದ್ದು ಕಿಟಕಿ ತೆಗೆದು ಮುಚ್ಚಿ ನೋಡಿ. ತೆಗೆದಾಗ ಜೋರಾಗಿ, ಮುಚ್ಚಿದಾಗ ಚೆನ್ನಾಗಿ ಇಳಿದರೆ ಅದು ಗಾಳಿಯಲ್ಲಿ ಬರುವ ಸದ್ದು. ಏನೂ ವ್ಯತ್ಯಾಸ ಕಾಣದಿದ್ದರೆ ಹೊರಗೆ ಅಂಗಳಕ್ಕೆ ಹೋಗಿ ನಿಲ್ಲಿ. ಹೊರಗೆ ಕಡಿಮೆ, ಒಳಗೆ ಮಲಗಿದಲ್ಲಿ ಹೆಚ್ಚು ಅನಿಸಿದರೆ ಸದ್ದು ಗೋಡೆ, ತಳಪಾಯ ಅಥವಾ ಪೈಪಿನ ಮೂಲಕ ಬರುತ್ತಿದೆ. ಗೋಡೆಗೆ ಸ್ಟೀಲ್ ಲೋಟದ ಬಾಯಿಟ್ಟು ತಳಕ್ಕೆ ಕಿವಿ ಹಚ್ಚಿ, ಒಂದೊಂದು ಮೊಳಕ್ಕೂ ಸರಿಸುತ್ತ ಹೋಗಿ. ಎಲ್ಲಿ ಅತಿ ಜೋರೋ ಅದರ ಆಚೆ ಬದಿಯಲ್ಲಿ ಪೈಪಿನ ಕ್ಲಾಂಪೋ, ಗೋಡೆಗೆ ಕೂರಿಸಿದ ಅಡುಗೆ ಕಟ್ಟೆಯೋ ಇರುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಗಾಳಿಯ ಸದ್ದನ್ನು ನೀವು ನಿಮ್ಮ ಮನೆಯಲ್ಲೇ ತಡೆಯಬಹುದು. ಗೋಡೆಯ ಸದ್ದನ್ನು ಅದು ಹುಟ್ಟುವಲ್ಲೇ ತಡೆಯಬೇಕು. ನಿಮ್ಮ ಕಡೆ ಎಷ್ಟು ಪರದೆ ಹಾಕಿದರೂ ಹಣ ಹಾಳು.

ಸಂಪಿನ ಮೋಟಾರು

ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಬಡಾವಣೆಗಳಲ್ಲಿ ಮನೆಯ ಮುಂದೆ ಸಂಪು, ಅದರ ಪಕ್ಕ ಅರ್ಧ ಎಚ್‌ಪಿಯ ಮಾನೋಬ್ಲಾಕ್ (ಪಂಪೂ ಸೇರಿ ಒಂದೇ ಆಗಿರುವ) ಮೋಟಾರು, ಗೋಡೆಗುಂಟ ಪೈಪು, ತಾರಸಿ ಮೇಲೆ ಸಿಂಟೆಕ್ಸ್. ಎರಡು ಮನೆಗಳ ನಡುವೆ ಮೂರಡಿ ಜಾಗ. ಬೆಳಗಿನ ದೂರುಗಳಲ್ಲಿ ಈ ಮೋಟಾರಿನದು ದೊಡ್ಡ ಪಾಲು, ಸುಲಭವಾಗಿ ಸರಿಹೋಗುವುದೂ ಇದೇ.

ಮೊದಲು ಸದ್ದು ಯಾವ ತರಹದ್ದು ಎಂದು ಕಿವಿಗೊಡಿ. ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಮೋಟಾರು ಕೆಟ್ಟಿಲ್ಲ, ಅದರ ನಡುಕ ಕಟ್ಟೆಗೂ ಪೈಪಿಗೂ ಇಳಿಯುತ್ತಿದೆ. ಕಿರ್ರ್ ಎಂದು ಕಿರುಚಿದರೆ ಬೇರಿಂಗ್ ಸವೆದಿದೆ. ವೈಂಡಿಂಗ್ ಅಂಗಡಿಯಲ್ಲಿ ಒಂದು ಗಂಟೆಯ ಕೆಲಸ, ಬಿಟ್ಟರೆ ಮೋಟಾರೇ ಸುಟ್ಟೀತು ಎಂದು ಹೇಳಿದರೆ ಯಾವ ಮನೆಯವರೂ ತಡಮಾಡುವುದಿಲ್ಲ. ಒಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಗರಗರ ಎಂದರೆ ಸಂಪಿನೊಳಗೆ ಪೈಪಿನ ತುದಿಗಿರುವ ಫುಟ್‌ವಾಲ್ವ್ ಕಟ್ಟಿಕೊಂಡಿದೆ ಅಥವಾ ಎಳೆಯುವ ಪೈಪಿನ ಜಾಯಿಂಟಿನಲ್ಲಿ ಗಾಳಿ ಸೇರುತ್ತಿದೆ. ಮೋಟಾರು ನಿಲ್ಲಿಸಿದಾಗ ಡಬ್ ಎಂದು ಒಂದೇ ಏಟು ಬಿದ್ದರೆ ಮೇಲಿನ ನೀರು ವಾಪಸ್ ಬಂದು, ಅದನ್ನು ತಡೆಯಲು ಹಾಕಿದ ರಿಟರ್ನ್ ವಾಲ್ವಿನ ಬಾಗಿಲನ್ನು ಬಡಿಯುತ್ತಿದೆ. ಸ್ಪ್ರಿಂಗ್ ಇರುವ ವಾಲ್ವ್ ಹಾಕಿದರೆ ನೀರು ಹಿಂದೆ ಓಡುವ ಮೊದಲೇ ಅದು ಮುಚ್ಚಿಕೊಳ್ಳುತ್ತದೆ.

ಗುಂಯ್ ಸದ್ದಿಗೆ ಮಾಡುವ ಕೆಲಸ ಮೂರು ಕಡೆ ಇದೆ. ಮೋಟಾರಿನ ನಾಲ್ಕು ಕಾಲಿನ ಕೆಳಗೂ 10ರಿಂದ 12 ಮಿಲಿಮೀಟರ್ ದಪ್ಪದ ರಬ್ಬರ್ ತುಂಡು ಇಡಬೇಕು. ಇಲ್ಲಿ ಆಗುವ ತಪ್ಪು ಒಂದೇ: ರಬ್ಬರ್ ಇಟ್ಟು ಬೋಲ್ಟನ್ನು ಬಿಗಿಯಾಗಿ ತಿರುಗಿಸಿಬಿಡುತ್ತಾರೆ. ಆಗ ನಡುಕ ಬೋಲ್ಟಿನ ಮೂಲಕವೇ ಕಟ್ಟೆಗೆ ಇಳಿಯುತ್ತದೆ, ರಬ್ಬರ್ ಇದ್ದೂ ಇಲ್ಲದಂತೆ. ಬೋಲ್ಟಿನ ತಲೆಯ ಕೆಳಗೂ ರಬ್ಬರ್ ವಾಷರ್ ಹಾಕಿ, ಬೋಲ್ಟ್ ಹೋಗುವ ತೂತಿನ ಅಂಚಿಗೆ ತಾಗದ ಹಾಗೆ ಪೈಪಿನ ಚೂರೊಂದನ್ನು ತೋಳಿನಂತೆ ಕೂರಿಸಿ, ಮೋಟಾರು ಅಲ್ಲಾಡದಷ್ಟು ಮಾತ್ರ ಬಿಗಿಮಾಡಬೇಕು. ಎರಡನೆಯದು, ನೀರು ಮೇಲೆ ಹೋಗುವ ಬದಿಯಲ್ಲಿ ಮೋಟಾರಿಗೂ ಪೈಪಿಗೂ ನಡುವೆ ಒಂದಡಿ ಉದ್ದದ ದಪ್ಪ ಹೋಸ್ ಹಾಕಿ ಎರಡೂ ತುದಿಗೆ ಸ್ಟೀಲ್ ಕ್ಲಿಪ್ ಬಿಗಿಯುವುದು. ಎಳೆಯುವ ಬದಿಗೆ ಮಾಮೂಲಿ ಹೋಸ್ ಹಾಕಬೇಡಿ, ಒಳಕ್ಕೆ ಚಪ್ಪಟೆಯಾಗಿ ನೀರು ನಿಂತುಬಿಡುತ್ತದೆ. ಮೂರನೆಯದು ಪೈಪಿನ ಕ್ಲಾಂಪು. ಪ್ರತಿ ಕ್ಲಾಂಪನ್ನೂ ಸಡಿಲಿಸಿ, ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪೈಪಿಗೆ ಎರಡು ಸುತ್ತು ಸುತ್ತಿ, ಮತ್ತೆ ಕೂರಿಸಿ. ಪೈಪು ಗೋಡೆಯನ್ನು ತೂರಿ ಹೋಗುವಲ್ಲಿ ಸಿಮೆಂಟ್ ಮೆತ್ತಿದ್ದರೆ ಅದನ್ನು ಒಡೆದು, ಪೈಪಿಗೆ ಫೋಮ್ ಸುತ್ತಿ, ಹೊರಬದಿಗೆ ಸಿಲಿಕೋನ್ ತುಂಬಬೇಕು. ಪ್ಲಂಬರ್‌ಗೆ ಎಲ್ಲ ಸೇರಿ ಅರ್ಧ ದಿನದ ಕೆಲಸ.

ಹೊತ್ತಿನ ಪ್ರಶ್ನೆ ಬೇರೆ. ಅರ್ಧ ಎಚ್‌ಪಿ ಮೋಟಾರಿಗೆ ಸಾವಿರ ಲೀಟರ್ ಟ್ಯಾಂಕ್ ತುಂಬಲು ಸುಮಾರು ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ನಲ್ಲಿ ನೀರು ಸಂಪಿಗೆ ತಾನಾಗಿ ಇಳಿಯುತ್ತಿದ್ದರೆ ಆಗಲೇ ಮೇಲಕ್ಕೆ ಎತ್ತಬೇಕಾದ ತುರ್ತಿಲ್ಲ, ಹಿಂದಿನ ಸಂಜೆ ಏಳಕ್ಕೇ ಟ್ಯಾಂಕ್ ತುಂಬಿಟ್ಟರೆ ಬೆಳಗಿನ ಸ್ನಾನಕ್ಕೆ ಸಾಕು. ಸಂಪು ಚಿಕ್ಕದಾಗಿದ್ದು, ಒಂದೆಡೆ ತುಂಬುತ್ತಿದ್ದಂತೆ ಇನ್ನೊಂದೆಡೆ ಎತ್ತಲೇಬೇಕಾದ ಮನೆಗಳೂ ಇವೆ. ಅಂಥವರಿಗೆ ಹೊತ್ತು ಬದಲಿಸಿ ಎಂದರೆ ಅವರಿಗೆ ನೀರೇ ಇಲ್ಲದಂತಾಗುತ್ತದೆ. ಅಲ್ಲಿ ರಬ್ಬರಿನ ಕೆಲಸವನ್ನೇ ಕೇಳಿ.

ಗ್ರೈಂಡರು, ಮಿಕ್ಸಿ

ಮಳೆಗಾಲದ ಚಳಿಯಲ್ಲಿ ಉದ್ದಿನ ಹಿಟ್ಟು ಹುದುಗಲು ಹೊತ್ತು ಬೇಕು, ಸಂಜೆಯೇ ರುಬ್ಬಿಟ್ಟಿರಬೇಕು. ಹಾಗಿದ್ದರೆ ಐದು ಗಂಟೆಗೆ ಓಡುವ ಗ್ರೈಂಡರು ಯಾತಕ್ಕೆ? ಹೆಚ್ಚಾಗಿ ನೀರುದೋಸೆಗೆ, ಹವ್ಯಕರ ಮನೆಯಾದರೆ ತೆಳ್ಳೇವು ಎಂಬ ತೆಳು ದೋಸೆಗೆ. ರಾತ್ರಿ ಅಕ್ಕಿ ನೆನೆಹಾಕಿ ಬೆಳಿಗ್ಗೆ ರುಬ್ಬುವುದು ಹಿಟ್ಟು ಹುಳಿ ಬರಬಾರದೆಂದು. ಇದಕ್ಕೆ ದಾರಿಯಿದೆ: ಮಧ್ಯಾಹ್ನ ನೆನೆಹಾಕಿ, ರಾತ್ರಿ ಎಂಟಕ್ಕೆ ಗಟ್ಟಿಯಾಗಿ ರುಬ್ಬಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ನೀರು ಬೆರೆಸಿದರೆ ಹುಳಿಯಾಗುವುದಿಲ್ಲ. ಕಾಯಿ ಚಟ್ನಿಯನ್ನು ಹಾಗೆ ಮಾಡಿ ಎಂದು ಯಾರಿಗೂ ಹೇಳಬೇಡಿ, ಅದು ಅವತ್ತಿನದ್ದು ಅವತ್ತೇ ಚೆಂದ. ಮಿಕ್ಸಿ ಓಡುವುದು ಎರಡು ಮೂರು ನಿಮಿಷ. ಅದನ್ನು ಗೋಡೆಯಿಂದ ಒಂದು ಗೇಣು ಈಚೆ, ದಪ್ಪ ರಬ್ಬರ್ ಹಾಸಿನ ಮೇಲೆ ಇಟ್ಟರೆ ಸಾಕು. ಅಡುಗೆ ಕಟ್ಟೆಯ ಗ್ರಾನೈಟ್ ಚಪ್ಪಡಿಯನ್ನು ಇಬ್ಬರಿಗೂ ಸೇರಿದ ಗೋಡೆಯೊಳಕ್ಕೆ ಕೂರಿಸಿದ್ದರೆ ಇಡೀ ಗೋಡೆ ಸ್ಪೀಕರಿನಂತೆ ಕೆಲಸ ಮಾಡುತ್ತದೆ, ಬೇಸರ ಹುಟ್ಟಿಸುವುದು ಅದು. ಮಿಕ್ಸಿಯ ಕಾಲಿನ ರಬ್ಬರ್ ಗಟ್ಟಿಯಾಗಿದ್ದರೆ, ಜಾರ್ ಕೂರುವ ಕಪ್ಲರ್ ಹಲ್ಲು ಸವೆದಿದ್ದರೆ ಸದ್ದು ಇನ್ನೂ ಕರ್ಕಶ. ಎರಡೂ ಪಾತ್ರೆ ಅಂಗಡಿಯಲ್ಲಿ ಸಿಗುವ ಚಿಲ್ಲರೆ ಸಾಮಾನು.

ಅಡಿಕೆ ಕಾಲ ಮತ್ತು ತೋಟದ ಯಂತ್ರಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೊಯ್ಲು ಶುರುವಾದ ಮೇಲೆ ಸುಲಿಯುವ ಯಂತ್ರ ನಸುಕಿಗೇ ಓಡುತ್ತದೆ. ಹಸಿ ಅಡಿಕೆಯನ್ನು ಕೊಯ್ದ ಮೇಲೆ ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಹಾಗಾಗಿ ಇಲ್ಲಿ "ಆರು ಗಂಟೆ ಮೇಲೆ ಹಾಕಿ" ಎನ್ನುವ ಬೇಡಿಕೆ ಹೊರೆ ಹೆಚ್ಚಿರುವ ದಿನಗಳಲ್ಲಿ ನಡೆಯುವುದಿಲ್ಲ. ಆದರೆ ಸದ್ದನ್ನು ಸಾಕಷ್ಟು ಇಳಿಸಬಹುದು. ಯಂತ್ರದ ಬಳಿ ನಿಂತು ಕೇಳಿ: ಮೋಟಾರಿನ ಸದ್ದಿಗಿಂತ ಅಡಿಕೆ ತಗಡಿನ ಗೂಡೆಗೆ ಬೀಳುವ ಟಣಟಣ, ಸಿಪ್ಪೆ ಹೊರಬೀಳುವ ತಗಡಿನ ಜಾರುಹಾಸಿನ ಬಡಿತವೇ ದೊಡ್ಡದು. ಆ ತಗಡಿನ ಹೊರಮೈಗೆ ಹಳೆಯ ಟ್ರಾಕ್ಟರ್ ಟ್ಯೂಬಿನ ರಬ್ಬರನ್ನು ಅಂಟಿಸಿ ಬೋಲ್ಟ್ ಹಾಕಿದರೆ ತಗಡು ಮೊಳಗುವುದಿಲ್ಲ. ಸುಲಿದ ಅಡಿಕೆ ಬೀಳುವಲ್ಲಿ ಗೋಣಿ ಹಾಸಬೇಕು. ಸಡಿಲವಾದ ಬೆಲ್ಟು, ಕಳಚಿದ ಗಾರ್ಡು ಪರೀಕ್ಷಿಸಿ. ಯಂತ್ರವನ್ನು ಶೀಟಿನ ಮಾಡಿನ ಕೆಳಗೆ, ನಿಮ್ಮ ಮನೆಗೆ ತೆರೆದ ಬದಿಯಲ್ಲಿ ಇಟ್ಟಿದ್ದರೆ ಅದನ್ನು ಒಳಮೂಲೆಗೆ ಸರಿಸಿ, ತೆರೆದ ಬದಿಗೆ ಅಡಿಕೆ ಮೂಟೆಗಳನ್ನೇ ಎದೆಮಟ್ಟ ಪೇರಿಸಿದರೂ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ: ಹತ್ತು ಮೀಟರ್ ದೂರದಲ್ಲಿದ್ದದ್ದನ್ನು ಇಪ್ಪತ್ತಕ್ಕೆ ಒಯ್ದರೆ ಗೊತ್ತಾಗುತ್ತದೆ, ಎರಡು ಮೀಟರ್ ಸರಿಸಿದರೆ ಏನೂ ಆಗದು. ಬೇಲಿಗೆ ದಾಸವಾಳ ನೆಟ್ಟು ಸದ್ದು ತಡೆಯುತ್ತೇವೆಂಬುದು ನಂಬಿಕೆ ಅಷ್ಟೇ. ಒಂದು ಸಾಲು ಗಿಡ ನೋಟ ಮರೆಮಾಡೀತು, ಸದ್ದನ್ನಲ್ಲ.

ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಇದ್ದರೆ ತ್ರೀ ಫೇಸ್ ಬಂದ ಕೂಡಲೇ ತಾನೇ ಶುರುವಾಗುತ್ತದೆ, ಮಾಲೀಕರು ನಿದ್ದೆಯಲ್ಲಿರುತ್ತಾರೆ. ಇಲ್ಲಿಯೂ ಬೇರಿಂಗ್, ತಳಪಾಯ, ಶೆಡ್ಡಿನ ಬಾಗಿಲು ಯಾವ ಕಡೆ ಎನ್ನುವುದೇ ಮಾತು. ಕಳೆ ಕತ್ತರಿಸುವ ಯಂತ್ರದ ಮಾತು ಬೇರೆ. ಅದು ಪೆಟ್ರೋಲಿನಲ್ಲಿ ಓಡುವುದು, ಕರೆಂಟಿನ ಹಂಗಿಲ್ಲ. ಮನೆಯ ಹತ್ತಿರದ ಪಟ್ಟೆಯನ್ನು ಕೊನೆಗೆ, ದೂರದ್ದನ್ನು ಮೊದಲು ಕತ್ತರಿಸಿ ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಉಳಿದವು ಚಿಕ್ಕವು. ಬೈಕನ್ನು ಗೇಟಿನೊಳಗೆ ನಿಲ್ಲಿಸಿಕೊಂಡು ಐದು ನಿಮಿಷ ಬಿಸಿ ಮಾಡುವ ಅಗತ್ಯ ಈಗಿನ ಇಂಜಿನ್ನುಗಳಿಗಿಲ್ಲ, ಅರ್ಧ ನಿಮಿಷ ಸಾಕು. ಹುಂಜ ಕೂಗುವುದು ಅದರ ಮೈಯೊಳಗಿನ ಗಡಿಯಾರಕ್ಕೆ, ಕತ್ತಲೆ ಮಾಡಿದರೂ ಪೂರ್ತಿ ನಿಲ್ಲದು. ಗೂಡನ್ನು ನಿಮ್ಮ ಕಿಟಕಿಯಿಂದ ಮನೆಯ ಆಚೆ ಬದಿಗೆ ಒಯ್ಯಲು ಕೇಳಿ. ನಾಯಿ ದಿನಾ ಒಂದೇ ಹೊತ್ತಿಗೆ ಬೊಗಳುತ್ತಿದ್ದರೆ ಹಾಲಿನವರು, ಪೇಪರಿನವರು ಕಾಣದ ಕಡೆ ಕಟ್ಟಿದರೆ ಸರಿಹೋಗುತ್ತದೆ.

ಮಾತಾಡುವುದು

ಸಂಜೆ ಐದರಿಂದ ಆರರ ನಡುವೆ ಹೋಗಿ. ದೀಪ ಹಚ್ಚುವ ಹೊತ್ತು, ಊಟದ ಹೊತ್ತು, ನೆಂಟರಿದ್ದಾಗ, ಹಬ್ಬದ ದಿನ ಬೇಡ. ಸ್ವಿಚ್ ಹಾಕುವವರು ಯಾರೋ ಅವರ ಹತ್ತಿರವೇ ಮಾತಾಡಿ. ಬೆಳಿಗ್ಗೆ ಎದ್ದು ಮೋಟಾರು ಹಾಕುವುದು ಮನೆಯ ಹಿರಿಯ ಹೆಂಗಸು, ಆದರೆ ದೂರು ಹೋಗುವುದು ಮಗನ ಕಿವಿಗೆ. ಅವನು ಮನೆಯೊಳಗೆ ರೇಗುತ್ತಾನೆ, ತಾಯಿಗೆ ಅವಮಾನವಾಗುತ್ತದೆ, ನಿಮ್ಮ ಕೆಲಸ ಕೆಡುತ್ತದೆ.

"ಅಕ್ಕ, ನಿಮ್ಮ ಮೋಟ್ರು ಶುರುವಾದ ಕೂಡ್ಲೆ ನಮ್ಮ ರೂಮಿನ ಗೋಡೆ ನಡುಗ್ತದೆ. ನಿಮಗೆ ಈ ಕಡೆ ಗೊತ್ತೇ ಆಗ್ಲಿಕ್ಕಿಲ್ಲ. ಒಂದ್ಸಲ ಬಂದು ಕೇಳಿ ನೋಡ್ತೀರಾ?" ಇಷ್ಟು ಸಾಕು. ಹಗಲಿನಲ್ಲೇ ಅವರ ಮನೆಯವರು ಮೋಟಾರು ಹಾಕಲಿ, ಅವರು ನಿಮ್ಮ ಕೋಣೆಯಲ್ಲಿ ಗೋಡೆಗೆ ಕೈಯಿಟ್ಟು ನೋಡಲಿ. ನೂರು ಮಾತು ಮಾಡದ ಕೆಲಸವನ್ನು ಆ ಅಂಗೈ ಮಾಡುತ್ತದೆ. ಆಮೇಲೆ ಒಂದೇ ಬೇಡಿಕೆ ಇಡಿ. ಹೊತ್ತು ಬದಲಿಸಿ, ಜಾಗ ಬದಲಿಸಿ, ರಬ್ಬರೂ ಹಾಕಿಸಿ ಎಂದು ಮೂರನ್ನೂ ಒಟ್ಟಿಗೆ ಕೇಳಿದರೆ ಮೂರೂ ಆಗುವುದಿಲ್ಲ. ಖರ್ಚಿನ ಅರ್ಧ ನೀವು ಕೊಡುತ್ತೇನೆಂದು ಮೊದಲೇ ಹೇಳಿ. ಪ್ಲಂಬರನ್ನು ನೀವೇ ಕರೆಸಿದರೆ ಇನ್ನೂ ಒಳ್ಳೆಯದು.

"ನಮ್ಮನೇಲಿ ನಾವು ಏನಾದ್ರೂ ಮಾಡ್ಕೋತೀವಿ" ಎಂಬ ಉತ್ತರ ಬಂದರೆ ಅವತ್ತೇ ಕಾನೂನು ಎತ್ತಬೇಡಿ. ಹತ್ತು ದಿನ ಬಿಟ್ಟು, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಜೊತೆ ಕರೆದುಕೊಂಡು ಹೋಗಿ. ಬಾಡಿಗೆಯವರಾದರೆ ಮನೆ ಓನರ್ ಹತ್ತಿರ ಹೋಗುವುದು ಆಮೇಲೆ. ಬಡಾವಣೆಯ ವಾಟ್ಸ್‌ಆಪ್ ಗುಂಪಿನಲ್ಲಿ ಬರೆಯಲೇಬೇಡಿ. ನಾಲ್ಕು ಜನರ ಎದುರು ಸೋತವರು ಮೋಟಾರಿಗೆ ರಬ್ಬರ್ ಹಾಕಿಸುವುದಿಲ್ಲ.

ನಿಮ್ಮ ಕೋಣೆಯಲ್ಲಿ

ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಅದು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು, ಉಳಿದ ಭಾಗ ಎಷ್ಟೇ ದಪ್ಪವಿರಲಿ. ಆದ್ದರಿಂದ ಮೊದಲು ಕಿಟಕಿಯ ಮೇಲಿನ ವೆಂಟಿಲೇಟರ್, ಬಾಗಿಲ ಕೆಳಗಿನ ಸಂದು, ಹೆಂಚಿನ ಮನೆಯಾದರೆ ಗೋಡೆಯ ತಲೆಗೂ ಮಾಡಿಗೂ ನಡುವಿನ ತೆರವು ನೋಡಿ. ಮರದ ಕಿಟಕಿ ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಸಂದಿನ ಅಳತೆಯನ್ನು ಬೇಸಿಗೆಯಲ್ಲೇ ತೆಗೆದುಕೊಳ್ಳಿ. ಅಂಟಿಸುವ ಫೋಮ್ ಪಟ್ಟಿ ನಮ್ಮ ತೇವಕ್ಕೆ ಬೇಗ ಕಳಚಿ ಬೂಸ್ಟು ಹಿಡಿಯುತ್ತದೆ; ರಬ್ಬರ್ ಪಟ್ಟಿಯೇ ಬಾಳುವುದು. ಜಂಬಿಟ್ಟಿಗೆ ಗೋಡೆಗೆ ಗಿಲಾವು ಮಾಡದೆ ಹಾಗೇ ಬಿಟ್ಟಿದ್ದರೆ ಕಲ್ಲಿನ ತೂತುಗಳಲ್ಲೂ ಸದ್ದು ಬರುತ್ತದೆ, ಒಂದು ಬದಿಗಾದರೂ ಸಿಮೆಂಟ್ ಗಿಲಾವು ಬೇಕು.

ಥರ್ಮಾಕೋಲ್, ಮೊಟ್ಟೆಯ ಟ್ರೇ ಅಂಟಿಸಿ ಪ್ರಯೋಜನವಿಲ್ಲ. ಸದ್ದು ತಡೆಯುವುದು ತೂಕ, ಅವಕ್ಕೆ ತೂಕವೇ ಇಲ್ಲ. ದಪ್ಪ ಪರದೆ ಕೋಣೆಯೊಳಗಿನ ಮಾರ್ದನಿ ಕಡಿಮೆ ಮಾಡುತ್ತದೆ, ಹೊರಗಿನದನ್ನು ಅಷ್ಟಾಗಿ ನಿಲ್ಲಿಸದು. ಖರ್ಚು ಮಾಡುವುದಾದರೆ ಇರುವ ಕಿಟಕಿಯ ಒಳಬದಿಗೆ ಒಂದು ಗೇಣಿನ ಹತ್ತಿರ ಜಾಗ ಬಿಟ್ಟು 6 ಮಿಲಿಮೀಟರ್ ಗಾಜಿನ ಇನ್ನೊಂದು ಕಿಟಕಿ ಕೂರಿಸಿ. ಕಟ್ಟಿಗೆ ಒಲೆ, ಇದ್ದಿಲು, ಗ್ಯಾಸ್ ಗೀಸರ್ ಇರುವ ಜಾಗವನ್ನು ಮಾತ್ರ ಯಾವ ಕಾರಣಕ್ಕೂ ಗಾಳಿಯಾಡದಂತೆ ಮುಚ್ಚಬೇಡಿ. ವಿಷಗಾಳಿಗೆ ವಾಸನೆಯಿಲ್ಲ, ಜೀವ ಹೋಗುತ್ತದೆ.

ಏನೂ ಖರ್ಚಿಲ್ಲದ್ದು ಮಂಚ ಸರಿಸುವುದು. ಇಬ್ಬರಿಗೂ ಸೇರಿದ ಗೋಡೆಗೆ ತಲೆದಿಂಬು ತಾಗಿದ್ದರೆ ಇವತ್ತೇ ಎದುರು ಗೋಡೆಗೆ ಹಾಕಿ, ನಾಲ್ಕು ಬೆರಳು ಬಿಟ್ಟು.

ಇಯರ್‌ಪ್ಲಗ್ಗನ್ನು ಸರಿಯಾಗಿ ಹಾಕದೆ "ಪ್ರಯೋಜನ ಇಲ್ಲ" ಎಂದು ಎಸೆಯುವವರೇ ಹೆಚ್ಚು. ಕೈ ತೊಳೆದು, ಫೋಮನ್ನು ಬತ್ತಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ. ಉಬ್ಬಿ ಕೂತ ಮೇಲೆ ನಿಮ್ಮ ದನಿ ನಿಮಗೇ ಗುಮ್ಮೆಂದು ಕೇಳಬೇಕು. ಹತ್ತಿ ಇದಕ್ಕೆ ಸಮವಲ್ಲ. ಕಿವಿ ಸೋರುತ್ತಿದ್ದರೆ, ನೋವಿದ್ದರೆ ಹಾಕಬೇಡಿ. ಅಲಾರಂ ಕೇಳದೆಂಬ ಭಯವಿದ್ದರೆ ಮೊಬೈಲನ್ನು ವೈಬ್ರೇಟಿಗೆ ಹಾಕಿ ದಿಂಬಿನ ಅಂಚಿಗಿಡಿ.

ಕಾನೂನು ಎಲ್ಲಿಯವರೆಗೆ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಐದೂವರೆಯ ಸದ್ದು ಕಾನೂನಿನ ಕಣ್ಣಿಗೆ ರಾತ್ರಿಯ ಸದ್ದು, ಆರೂಕಾಲಿನದು ಹಗಲಿನದು. ನಿಮ್ಮ ಹತ್ತು ದಿನದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ರಾತ್ರಿಯಲ್ಲಿ ಬಯಲಿನ ಧ್ವನಿವರ್ಧಕಕ್ಕೆ, ವಾಸದ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರಗಳಿಗೆ ನಿಷೇಧವಿದೆ. ಪಕ್ಕದ ಸೈಟಿನಲ್ಲಿ ನಸುಕಿಗೇ ಕಾಂಕ್ರೀಟ್ ಮಿಕ್ಸರ್ ಓಡಿಸಿದರೆ ಧೈರ್ಯವಾಗಿ ಕೇಳಿ. ದೇವಸ್ಥಾನ, ಮಸೀದಿ, ಚರ್ಚು ಎಲ್ಲಕ್ಕೂ ನಿಯಮ ಒಂದೇ. ಅಲ್ಲಿ ಸಮಿತಿಯವರ ಹತ್ತಿರ ಹೋಗಿ, ನಿಲ್ಲಿಸಿ ಎನ್ನುವ ಬದಲು ಆರಕ್ಕೆ ಮೊದಲು ಹೊರಗಿನ ಸ್ಪೀಕರ್ ಬೇಡ ಎಂದು ಕೇಳಿ. ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದರೆ ದೂರು ಕೊಡಬಹುದು. ಮೊಬೈಲ್ ಆಪ್ ತೋರಿಸುವ ಅಂಕಿ ನಿಮ್ಮ ಅಂದಾಜಿಗಷ್ಟೇ. ಪಕ್ಕದ ಮನೆಯೊಳಗೆ ಕಾಣುವಂತೆ ವಿಡಿಯೊ ಮಾಡಬೇಡಿ, ದೂರು ನಿಮ್ಮ ಮೇಲೇ ತಿರುಗುತ್ತದೆ. ನಿಮ್ಮ ಕೋಣೆಯೊಳಗಿನ ಸದ್ದು ರೆಕಾರ್ಡ್ ಮಾಡಿದರೆ ಸಾಕು.

ಆ ಗಳಿಗೆಗೆ ನಿಲ್ಲಿಸಬೇಕಾದ ಧ್ವನಿವರ್ಧಕವಾದರೆ 112. ದಿನನಿತ್ಯದ್ದಾದರೆ ಠಾಣೆಗೆ ಲಿಖಿತ ಮನವಿ, ಎರಡು ಪ್ರತಿ. ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಮಿಲ್ಲು, ವರ್ಕ್‌ಶಾಪ್ ಆದರೆ ಪಾಲಿಕೆ ಅಥವಾ ಗ್ರಾಮ ಪಂಚಾಯಿತಿ ಪರವಾನಗಿಯನ್ನು ವಿಚಾರಿಸಿ, ಶಿವಮೊಗ್ಗದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಒಂದು ಪ್ರತಿ ಕೊಡಿ. ಮಿಕ್ಸಿ, ಮಕ್ಕಳ ಓಡಾಟ, ಬಟ್ಟೆ ಒಗೆಯುವ ಕಲ್ಲಿನ ಸದ್ದಿಗೆ ಪೊಲೀಸರು ಮಾತಾಡಿ ಬಗೆಹರಿಸಿಕೊಳ್ಳಿ ಎಂದೇ ಹೇಳುತ್ತಾರೆ. ಅಂಥವಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮಧ್ಯಸ್ಥಿಕೆ ಒಳ್ಳೆಯ ದಾರಿ. ಸಹಾಯವಾಣಿ 15100. ಅಲ್ಲಿ ಒಪ್ಪಂದ ಬರೆಯುವಾಗ "ಇನ್ನು ಮುಂದೆ ಸದ್ದು ಮಾಡುವುದಿಲ್ಲ" ಎಂದು ಬರೆಸಬೇಡಿ, ಅದನ್ನು ಯಾರೂ ಪಾಲಿಸಲಾರರು. "ನಲ್ಲಿ ನೀರು ಬರುವ ದಿನ ಬಿಟ್ಟು ಉಳಿದ ದಿನ ಬೆಳಿಗ್ಗೆ 6ಕ್ಕೆ ಮೊದಲು ಮೋಟಾರು ಹಾಕುವುದಿಲ್ಲ, ಮೋಟಾರಿಗೂ ಕ್ಲಾಂಪುಗಳಿಗೂ 15 ದಿನದೊಳಗೆ ರಬ್ಬರ್ ಹಾಕಿಸುವುದು, ಖರ್ಚು ಇಬ್ಬರದು ಸಮ" ಎಂದು ಬರೆಸಿ, ಇಬ್ಬರೂ ಸಹಿ ಮಾಡಿ.